ಶೇ 17 ಅಂದರೆ ಗಟ್ಟಿ ಬ್ಯಾಂಕ್ ಅಂತಾನಾ?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಿವೃತ್ತಿಯಾದಾಗ ಬಂದ ಹಣವನ್ನು ಎರಡು ಕಡೆ ಎಫ್‌ಡಿ ಇಟ್ಟಿದ್ದೇನೆ. ಒಂದು ದೊಡ್ಡ ಖಾಸಗಿ ಬ್ಯಾಂಕ್, ಇನ್ನೊಂದು ಪಟ್ಟಣ ಸಹಕಾರಿ ಬ್ಯಾಂಕ್. ಮೊದಲನೆಯದರ ವಾರ್ಷಿಕ ವರದಿಯಲ್ಲಿ ಸಿಆರ್‌ಎಆರ್ (ಬಂಡವಾಳದ ಪ್ರಮಾಣ) ಶೇ 17 ಎಂದಿದೆ, ಎರಡನೆಯದರಲ್ಲಿ ಶೇ 13. ಇದು ಎಷ್ಟಿರಬೇಕು ಎಂದು ಯಾರು ನಿರ್ಧರಿಸುತ್ತಾರೆ? ರಿಸರ್ವ್ ಬ್ಯಾಂಕಿನವರು ಒಳಗೆ ಬಂದು ನೋಡುತ್ತಾರಾ, ಇಲ್ಲಾ ಬ್ಯಾಂಕ್ ಕೊಟ್ಟ ಲೆಕ್ಕವನ್ನೇ ನಂಬುತ್ತಾರಾ? ಪ್ರತಿ ವರ್ಷ ತಪಾಸಣೆ ಆಗುವುದಾದರೆ ಯೆಸ್ ಬ್ಯಾಂಕ್ 2020ರಲ್ಲಿ ಮುಳುಗುವ ಸ್ಥಿತಿಗೆ ಯಾಕೆ ಬಂತು?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ಆದರೆ ಅಲ್ಲಿಗೆ ಹೋಗುವ ಮೊದಲು ಆ ಶೇ 17 ಎಲ್ಲಿಂದ ಬಂತು ಎಂದು ಬಿಡಿಸಿ ನೋಡಬೇಕು. ನಾನು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡಿದವನು. ತಪಾಸಣೆ ತಂಡದ ಎದುರು ಫೈಲು ಹಿಡಿದು ಕೂತು ಉತ್ತರ ಕೊಟ್ಟವನು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಂಡವಾಳ ಅಂದರೆ ಬ್ಯಾಂಕು ತಿಜೋರಿಯಲ್ಲಿ ಎತ್ತಿಟ್ಟ ಹಣ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ರಿಸರ್ವ್ ಬ್ಯಾಂಕಿನಲ್ಲಿ ಎತ್ತಿಡಬೇಕಾದದ್ದು ಸಿಆರ್‌ಆರ್, ಅದು ಬೇರೆಯೇ ಲೆಕ್ಕ. ಬಂಡವಾಳ ಅಂದರೆ ಷೇರುದಾರರು ಹಾಕಿದ ಹಣ, ಜೊತೆಗೆ ವರ್ಷ ವರ್ಷ ಹಂಚದೆ ಉಳಿಸಿಕೊಂಡ ಲಾಭ. ಅದನ್ನೂ ಬ್ಯಾಂಕು ಸಾಲವಾಗಿ ಕೊಟ್ಟಿರುತ್ತದೆ. ನಿಮ್ಮ ಠೇವಣಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಕೊಟ್ಟ ಸಾಲ ಮುಳುಗಿದರೆ ಮೊದಲು ಕರಗುವುದು ಷೇರುದಾರರ ಹಣ. ಅದು ಪೂರ್ತಿ ಕರಗಿದ ಮೇಲೆ ನಷ್ಟ ನಿಮ್ಮ ಠೇವಣಿಯ ಬಾಗಿಲಿಗೆ ಬರುತ್ತದೆ. ಆದ್ದರಿಂದ ಷೇರುದಾರರ ಹಣ ಎಷ್ಟಿದೆ ಅನ್ನುವುದು ನಿಮಗೆ ಮುಖ್ಯ.

ಎಷ್ಟಿರಬೇಕು? ಒಟ್ಟು ಸಾಲದ ಇಂತಿಷ್ಟು ಭಾಗ ಎಂದು ಸುಮ್ನೆ ಹೇಳಿಬಿಟ್ಟರೆ ತೊಂದರೆ ಇದೆ. ಕೇಂದ್ರ ಸರ್ಕಾರದ ಬಾಂಡ್‌ನಲ್ಲಿ ಹಾಕಿದ ನೂರು ರೂಪಾಯಿಯೂ, ಯಾವ ಜಾಮೀನೂ ಇಲ್ಲದೆ ಕೊಟ್ಟ ಪರ್ಸನಲ್ ಲೋನಿನ ನೂರು ರೂಪಾಯಿಯೂ ಒಂದೇ ಅಲ್ಲ. ಅದಕ್ಕೇ ಪ್ರತಿ ಬಗೆಯ ಸಾಲಕ್ಕೂ ಒಂದು ತೂಕ ಕಟ್ಟಿದ್ದಾರೆ, ಬ್ಯಾಂಕಿನವರು ರಿಸ್ಕ್ ವೇಟ್ ಅನ್ನುವುದು ಇದನ್ನೇ. ಸರ್ಕಾರದ ಬಾಂಡ್‌ಗೆ ಸಾಲದ ರಿಸ್ಕಿನ ಲೆಕ್ಕದಲ್ಲಿ ಸೊನ್ನೆ. ಮೂವತ್ತು ಲಕ್ಷದೊಳಗಿನ, ಮನೆಯ ಬೆಲೆಯ ಶೇ 80 ಮೀರದ ಗೃಹಸಾಲಕ್ಕೆ ಶೇ 35. ಸಾಲ ತೀರಿಸುವ ಶಕ್ತಿಗೆ ಕೊಡುವ ಅತಿ ಮೇಲಿನ ರೇಟಿಂಗ್ ಟ್ರಿಪಲ್ ಎ, ಅದು ಇರುವ ಕಂಪನಿಗೆ ಶೇ 20, ಅದಕ್ಕಿಂತ ಕೆಳಗಿನ ಟ್ರಿಪಲ್ ಬಿ ಆದರೆ ಶೇ 100. ಪರ್ಸನಲ್ ಲೋನಿಗೆ ಶೇ 125.

ಒಂದು ಕಾಲ್ಪನಿಕ ಬ್ಯಾಂಕ್ ಇಟ್ಟುಕೊಂಡು ಲೆಕ್ಕ ಹಾಕೋಣ. ಅದರ ಒಟ್ಟು ಆಸ್ತಿ 1,000 ಕೋಟಿ. ಅದರಲ್ಲಿ 290 ಕೋಟಿ ನಗದು ಮತ್ತು ಸರ್ಕಾರಿ ಬಾಂಡ್, 200 ಕೋಟಿ ಸಣ್ಣ ಗೃಹಸಾಲ, 100 ಕೋಟಿ ಟ್ರಿಪಲ್ ಎ ಕಂಪನಿಗಳಿಗೆ, 250 ಕೋಟಿ ಟ್ರಿಪಲ್ ಬಿ ಕಂಪನಿಗಳಿಗೆ, 160 ಕೋಟಿ ಪರ್ಸನಲ್ ಲೋನ್. ತೂಕ ಕಟ್ಟಿದರೆ ಕ್ರಮವಾಗಿ 0, 70, 20, 250, 200. ಕೂಡಿದರೆ 540 ಕೋಟಿ. ಮಾರುಕಟ್ಟೆ ಏರಿಳಿತಕ್ಕೆ, ವಂಚನೆ ಮತ್ತು ಕಂಪ್ಯೂಟರ್ ವ್ಯವಸ್ಥೆ ಕೈಕೊಡುವಂಥ ಅಪಾಯಕ್ಕೆ ಇನ್ನೊಂದು 60 ಕೋಟಿ ಸೇರಿಸಿ. ಒಟ್ಟು 600 ಕೋಟಿ. ಬ್ಯಾಂಕಿನ ಸ್ವಂತ ಬಂಡವಾಳ 69 ಕೋಟಿ ಇದ್ದರೆ, 69 ಅನ್ನು 600ರಿಂದ ಭಾಗಿಸಿ. ಶೇ 11.5. ನಿಮ್ಮ ವರದಿಯಲ್ಲಿ ಸಿಆರ್‌ಎಆರ್ ಎಂದು ಅಚ್ಚಾಗುವುದು ಈ ಅಂಕಿ.

ಇಲ್ಲಿ ಒಂದು ಕಡೆ ನಿಂತು ನೋಡಿ. ಅದೇ 69 ಕೋಟಿಯನ್ನು 1,000 ಕೋಟಿಗೆ ಹೋಲಿಸಿದರೆ ಬರೀ ಶೇ 6.9. ಅಂದರೆ ಶೇ 11.5 ಅನ್ನುವ ಅಂಕಿ ನಿಂತಿರುವುದೇ ತೂಕ ಕಟ್ಟಿದ್ದು ಸರಿ ಇದೆ ಅನ್ನುವ ನಂಬಿಕೆಯ ಮೇಲೆ. ಈ ನಂಬಿಕೆ ಕೈಕೊಟ್ಟರೂ ಒಂದು ತಳಮಟ್ಟ ಉಳಿಯಲಿ ಎಂದು ತೂಕವಿಲ್ಲದ ಲೆಕ್ಕವನ್ನೂ ಕೇಳುತ್ತಾರೆ. ಅದಕ್ಕೆ ಲೆವರೇಜ್ ರೇಶಿಯೋ ಎನ್ನುತ್ತಾರೆ. ನಮ್ಮಲ್ಲಿ ಅದು ಕನಿಷ್ಠ ಶೇ 3.5, ದೊಡ್ಡ ಬ್ಯಾಂಕುಗಳಿಗೆ ಶೇ 4. ಅದರಲ್ಲಿ ಲೆಕ್ಕಕ್ಕೆ ಬರುವುದು ಮೊದಲ ದರ್ಜೆಯ ಬಂಡವಾಳ (ಮುಖ್ಯವಾಗಿ ಷೇರು ಹಣ ಮತ್ತು ಉಳಿಸಿಕೊಂಡ ಲಾಭ) ಮಾತ್ರ.

ಕನಿಷ್ಠ ಮಟ್ಟ ಎಲ್ಲಿಂದ ಬಂತು ಎಂದು ಬೇಗ ಹೇಳಿಬಿಡುತ್ತೇನೆ. 1974ರಲ್ಲಿ ಜರ್ಮನಿಯ ಹೆರ್‌ಷ್ಟಾಟ್ ಬ್ಯಾಂಕ್ ಮುಳುಗಿದ ಮೇಲೆ ಹಲವು ದೇಶಗಳ ಕೇಂದ್ರ ಬ್ಯಾಂಕುಗಳು ಸೇರಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಒಂದು ಸಮಿತಿ ಮಾಡಿಕೊಂಡವು. ಅದು 1988ರಲ್ಲಿ ಕನಿಷ್ಠ ಶೇ 8 ಎಂದು ಗೊತ್ತುಮಾಡಿತು. ಬ್ಯಾಂಕಿಂಗ್ ಸುಧಾರಣೆಗೆ ಮಾಡಿದ ನರಸಿಂಹಂ ಸಮಿತಿಯ ವರದಿಯ ನಂತರ 1992ರಲ್ಲಿ ಭಾರತ ಈ ದಾರಿಗೆ ಬಂತು. 2000ದ ಮಾರ್ಚ್‌ನಿಂದ ನಮ್ಮಲ್ಲಿ ಒಂದು ಹೆಜ್ಜೆ ಜಾಸ್ತಿ, ಶೇ 9. 2008ರ ಜಾಗತಿಕ ಕುಸಿತದ ನಂತರ ಇದರ ಮೇಲೆ ಇನ್ನೂ ಶೇ 2.5ರಷ್ಟು ಹೆಚ್ಚುವರಿ ಪದರ ಬಂತು, ಒಳ್ಳೆಯ ಕಾಲದಲ್ಲಿ ಕೂಡಿಟ್ಟು ಕೆಟ್ಟ ಕಾಲದಲ್ಲಿ ಬಳಸಲಿ ಎಂದು. ಒಟ್ಟು ಶೇ 11.5. ನಮ್ಮಲ್ಲಿ ಈ ಪದರ ಪೂರ್ತಿಯಾಗಿ ಜಾರಿಗೆ ಬಂದದ್ದು 2021ರ ಅಕ್ಟೋಬರ್ 1ರಿಂದ. ಮುಳುಗಿದರೆ ದೇಶವೇ ಅಲುಗಾಡುವಷ್ಟು ದೊಡ್ಡ ಬ್ಯಾಂಕುಗಳು ಮೂರು. ಅವು ಇನ್ನೂ ಸ್ವಲ್ಪ ಜಾಸ್ತಿ ಇಡಬೇಕು. 2025ರ ಏಪ್ರಿಲ್‌ನಿಂದ ಸ್ಟೇಟ್ ಬ್ಯಾಂಕಿಗೆ ಶೇ 0.80, ಎಚ್‌ಡಿಎಫ್‌ಸಿ ಬ್ಯಾಂಕಿಗೆ 0.40, ಐಸಿಐಸಿಐಗೆ 0.20. ಸ್ಮಾಲ್ ಫೈನಾನ್ಸ್ ಬ್ಯಾಂಕುಗಳಿಗೆ ಮೊದಲಿನಿಂದಲೂ ಶೇ 15.

ತೂಕ ಬದಲಿಸಿದರೆ ಸಾಲದ ಹರಿವೇ ಬದಲಾಗುತ್ತದೆ. ಪರ್ಸನಲ್ ಲೋನಿನ ತೂಕ ಮೊದಲು ಶೇ 100 ಇತ್ತು. ಜಾಮೀನಿಲ್ಲದ ಸಾಲ ತೀರಾ ವೇಗವಾಗಿ ಬೆಳೆಯುತ್ತಿದೆ ಎಂದು ಕಂಡಾಗ ರಿಸರ್ವ್ ಬ್ಯಾಂಕು 2023ರ ನವೆಂಬರ್ 16ರಂದು ಅದನ್ನು ಶೇ 125ಕ್ಕೆ ಏರಿಸಿತು. ಮನೆ, ವಾಹನ, ಶಿಕ್ಷಣ, ಚಿನ್ನದ ಸಾಲವನ್ನು ಹೊರಗಿಟ್ಟಿತು. ನೂರು ರೂಪಾಯಿ ಸಾಲಕ್ಕೆ ಹನ್ನೊಂದೂವರೆ ರೂಪಾಯಿ ಸ್ವಂತ ಹಣ ಸಾಕಾಗುತ್ತಿದ್ದ ಕಡೆ ಹದಿನಾಲ್ಕು ರೂಪಾಯಿಗೂ ಮೇಲೆ ಬೇಕಾಯಿತು. ಯಾವ ಬ್ಯಾಂಕಿಗೂ "ಕೊಡಬೇಡ" ಎಂದು ಹೇಳಲಿಲ್ಲ. ಆದರೂ ಮುಂದಿನ ವರ್ಷ ಆ ಸಾಲಗಳ ಓಟ ಇಳಿಯಿತು. ಬಂಡವಾಳದ ನಿಯಮಕ್ಕೆ ಇರುವ ಶಕ್ತಿ ಇದು.

ಇಷ್ಟು ಎಲ್ಲರಿಗೂ ಅನ್ವಯಿಸುವ ನಿಯಮ. ನೀವು ಕೇಳಿದ್ದು ಇದರಾಚೆಗಿನದು, ಒಂದೊಂದು ಬ್ಯಾಂಕಿನ ಒಳಗೆ ಇಳಿದು ನೋಡುತ್ತಾರಾ ಎಂದು. ನೋಡುತ್ತಾರೆ.

ಹಿಂದೆ ಇದ್ದದ್ದು ಕ್ಯಾಮೆಲ್ಸ್ ಪದ್ಧತಿ. ಬಂಡವಾಳ, ಆಸ್ತಿಯ ಗುಣಮಟ್ಟ, ಆಡಳಿತ, ಗಳಿಕೆ, ನಗದಿನ ಲಭ್ಯತೆ, ವ್ಯವಸ್ಥೆ ಮತ್ತು ನಿಯಂತ್ರಣ, ಇವುಗಳಿಗೆ ಅಂಕ ಕೊಡುತ್ತಿದ್ದರು. ಮುಗಿದ ವರ್ಷದ ಲೆಕ್ಕ ನೋಡುವುದೇ ಅದರಲ್ಲಿ ಜಾಸ್ತಿ. ಸುಮಾರು 2012-13ರಿಂದ ದೊಡ್ಡ ಬ್ಯಾಂಕುಗಳಿಗೆ ಸ್ಪಾರ್ಕ್ ಎನ್ನುವ ಪದ್ಧತಿ ಬಂತು. ಇದು ಮುಂದೆ ಏನಾಗಬಹುದು ಎಂದು ನೋಡುತ್ತದೆ. ಪ್ರತಿ ಅಪಾಯಕ್ಕೂ ಎರಡೆರಡು ಪ್ರಶ್ನೆ. ಈ ವ್ಯವಹಾರದಲ್ಲೇ ಇರುವ ಅಪಾಯ ಎಷ್ಟು? ಅದನ್ನು ಹಿಡಿತದಲ್ಲಿಡಲು ಬ್ಯಾಂಕಿನ ಬಳಿ ಇರುವ ವ್ಯವಸ್ಥೆ ಎಷ್ಟು ಗಟ್ಟಿ? ಎರಡನ್ನೂ ತೂಗಿ ಉಳಿಯುವ ಅಪಾಯಕ್ಕೆ ಅಂಕ ಬರುತ್ತದೆ. ಅದಕ್ಕೆ ತಕ್ಕ ಬಂಡವಾಳ ಇದೆಯೇ ಎಂದು ಆಮೇಲೆ ನೋಡುತ್ತಾರೆ. ಪ್ರತಿ ಬ್ಯಾಂಕಿನ ಜವಾಬ್ದಾರಿ ಹೊತ್ತ ಒಬ್ಬ ಹಿರಿಯ ಅಧಿಕಾರಿ ರಿಸರ್ವ್ ಬ್ಯಾಂಕಿನಲ್ಲಿ ಇರುತ್ತಾರೆ. ಕೊನೆಗೆ ಒಂದು ವರದಿ, ಅದರ ಜೊತೆ ಏನೇನು ಯಾವ ತಾರೀಖಿನೊಳಗೆ ಸರಿಮಾಡಬೇಕು ಎಂಬ ಪಟ್ಟಿ. ಅದು ಬ್ಯಾಂಕಿನ ಬೋರ್ಡಿನ ಮುಂದೆ ಬರಲೇಬೇಕು.

ಬ್ಯಾಂಕೂ ಪ್ರತಿ ವರ್ಷ ತನ್ನದೇ ಒಂದು ದಾಖಲೆ ಬರೆಯಬೇಕು. ನಮ್ಮ ಭಾಷೆಯಲ್ಲಿ ಅದು ಐಕ್ಯಾಪ್. "ನಮಗಿರುವ ಅಪಾಯಗಳು ಇವು, ಕೆಟ್ಟ ಕಾಲ ಬಂದರೆ ಇಷ್ಟು ಕಳೆದುಕೊಳ್ಳುತ್ತೇವೆ, ಅದಕ್ಕೆ ಇಷ್ಟು ಬಂಡವಾಳ ಬೇಕು" ಎಂದು ಬೋರ್ಡು ಒಪ್ಪಿ ಸಹಿ ಹಾಕುವ ದಾಖಲೆ. ಸಾಮಾನ್ಯ ಸೂತ್ರ ಹಿಡಿಯದ ಅಪಾಯಗಳು ಇಲ್ಲಿ ಬರಬೇಕು. ಸಾಲವೆಲ್ಲ ನಾಲ್ಕೈದು ದೊಡ್ಡ ಕುಳಗಳ ಕೈಯಲ್ಲಿರುವುದು, ಬಡ್ಡಿ ದರ ಏರಿದರೆ ಆಗುವ ಪೆಟ್ಟು, ಹೆಸರು ಕೆಡುವುದು, ಇಂಥವು. ರಿಸರ್ವ್ ಬ್ಯಾಂಕು ಇದನ್ನು ಓದಿ ಪ್ರಶ್ನೆ ಹಾಕುತ್ತದೆ. ಸಮಾಧಾನ ಆಗದಿದ್ದರೆ ಆ ಬ್ಯಾಂಕಿಗೆ ಮಾತ್ರ ಕನಿಷ್ಠಕ್ಕಿಂತ ಜಾಸ್ತಿ ಬಂಡವಾಳ ಇಡು ಎನ್ನುವ ಅಧಿಕಾರ ಅದಕ್ಕಿದೆ. ಈ ದಾಖಲೆ ಒಂದೊಂದು ಕಡೆ ಇನ್ನೂರು ಪುಟದ ಕಂತೆಯಾಗಿ ಕಪಾಟು ಸೇರುವುದೂ ಉಂಟು. ಹೋದ ವರ್ಷ ಊಹಿಸಿದ ನಷ್ಟ ಎಷ್ಟು, ನಿಜಕ್ಕೂ ಆದದ್ದೆಷ್ಟು ಎಂದು ಪಕ್ಕಪಕ್ಕ ಬರೆದಿಡುವ ಬ್ಯಾಂಕು ಮಾತ್ರ ಅದನ್ನು ಮನಸ್ಸಿಟ್ಟು ಮಾಡುತ್ತಿದೆ ಎಂದು ನಾನು ಒಪ್ಪುತ್ತೇನೆ.

ಆದರೆ ಮೇಷ್ಟ್ರೇ, ಈ ಎಲ್ಲ ಪದ್ಧತಿಯ ಬುಡದಲ್ಲಿ ಒಂದೇ ಒಂದು ಕೆಲಸವಿದೆ. ಬ್ಯಾಂಕು ಒಳ್ಳೆಯದು ಎಂದು ತೋರಿಸಿದ ಸಾಲ ನಿಜವಾಗಿ ಒಳ್ಳೆಯದೇ? ಅದು ಸುಳ್ಳಾದರೆ ಮೇಲಿನ ಲೆಕ್ಕವೆಲ್ಲ ಸುಳ್ಳು. ತಪಾಸಣೆಯವರು ಅದನ್ನು ಹೇಗೆ ಹಿಡಿಯುತ್ತಾರೆ ಎಂದು ಒಂದು ಖಾತೆ ತೆರೆದು ತೋರಿಸುತ್ತೇನೆ. ಖಾತೆ ಕಾಲ್ಪನಿಕ, ರೀತಿ ಮಾತ್ರ ನಿಜ.

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ ಅಂದುಕೊಳ್ಳಿ. ಎಂಟು ಕೋಟಿಯ ಕ್ಯಾಶ್ ಕ್ರೆಡಿಟ್ ಸಾಲ. ಗಿರಣಿಯವರು ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಗೋದಾಮಿನಲ್ಲಿ ಭತ್ತ ಎಷ್ಟು, ಅಕ್ಕಿ ಎಷ್ಟು, ಬರಬೇಕಾದ ಬಾಕಿ ಎಷ್ಟು ಎಂದು. ಅದರಲ್ಲಿ ಮಾರ್ಜಿನ್ (ಗಿರಣಿಯವರೇ ಹಾಕಬೇಕಾದ ಪಾಲು) ಕಳೆದು ಉಳಿದದ್ದಕ್ಕೆ ಮಾತ್ರ ಹಣ ತೆಗೆಯಬಹುದು, ಅದು ಡ್ರಾಯಿಂಗ್ ಪವರ್. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಹನ್ನೊಂದು ಕೋಟಿಯ ಸ್ಟಾಕ್ ಇದೆ ಎಂದು ಬರೆದಿದ್ದಾರೆ.

ತಪಾಸಣೆಗೆ ಬಂದವರು ಸ್ಟೇಟ್‌ಮೆಂಟನ್ನು ಪಕ್ಕಕ್ಕಿಟ್ಟು ಬೇರೆ ಕಾಗದ ಕೇಳುತ್ತಾರೆ. ಸ್ಟಾಕಿನ ವಿಮೆ ಪಾಲಿಸಿ ತೆಗೆಯಿರಿ. ಅದು ಬರೀ ಐದು ಕೋಟಿಗಿದೆ. ಹನ್ನೊಂದು ಕೋಟಿಯ ಮಾಲು ಇಟ್ಟುಕೊಂಡವನು ಐದು ಕೋಟಿಗೆ ಯಾಕೆ ವಿಮೆ ಮಾಡಿಸುತ್ತಾನೆ? ಗಿರಣಿಯ ಕರೆಂಟ್ ಬಿಲ್ ತೆಗೆಯಿರಿ. ಹೋದ ವರ್ಷಕ್ಕಿಂತ ಅರ್ಧಕ್ಕೆ ಇಳಿದಿದೆ. ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಿದ ವಹಿವಾಟಿಗೂ ಖಾತೆಯಲ್ಲಿ ಓಡಾಡಿದ ಹಣಕ್ಕೂ ತಾಳೆ ಇಲ್ಲ. ಆಮೇಲೆ ಖಾತೆಯ ಪುಟ. ಶೇ 11 ಬಡ್ಡಿಯಾದರೆ ತಿಂಗಳಿಗೆ ಏಳು ಲಕ್ಷಕ್ಕೂ ಮೇಲೆ, ಮೂರು ತಿಂಗಳಿಗೆ ಸುಮಾರು 22 ಲಕ್ಷ. ಜನವರಿಯಿಂದ ಖಾತೆಗೆ ಹೇಳಿಕೊಳ್ಳುವ ಜಮೆ ಇಲ್ಲ. ಹಣ ಬರದಿದ್ದರೆ ಸಾಲ ಕೆಟ್ಟದ್ದು ಎಂದು ಗುರುತಿಸಬೇಕಾದ ತೊಂಬತ್ತು ದಿನದ ಗಡುವು ಮುಗಿಯುವ ಹೊತ್ತಿಗೆ, ಮಾರ್ಚ್ 28ರಂದು, 25 ಲಕ್ಷ ಬಂದು ಬಿದ್ದಿದೆ. ಎಲ್ಲಿಂದ? ಒಂದು ಟ್ರೇಡಿಂಗ್ ಸಂಸ್ಥೆಯಿಂದ. ಆ ಸಂಸ್ಥೆಯ ವಿಳಾಸ ನೋಡಿದರೆ ಗಿರಣಿಯ ವಿಳಾಸವೇ. ಆ ಸಂಸ್ಥೆಗೆ ಹಣ ಎಲ್ಲಿಂದ ಬಂತು? ಮಾರ್ಚ್ 26ರಂದು ಇದೇ ಬ್ಯಾಂಕಿನ ಇದೇ ಶಾಖೆ ಅದಕ್ಕೆ 30 ಲಕ್ಷದ ಹೊಸ ಸಾಲ ಕೊಟ್ಟಿದೆ.

ಅಂದರೆ ಬ್ಯಾಂಕಿನ ಹಣವೇ ಬ್ಯಾಂಕಿಗೆ ಬಡ್ಡಿಯಾಗಿ ವಾಪಸ್ ಬಂತು. ಸತ್ತ ಸಾಲ ಜೀವಂತ ಕಾಣುತ್ತಿದೆ. ಬ್ಯಾಂಕಿನವರು ಇದಕ್ಕೆ ಎವರ್‌ಗ್ರೀನಿಂಗ್ ಎನ್ನುತ್ತಾರೆ. ತಪಾಸಣೆಯವರು ಅಂದೇ ಆ ಖಾತೆಯನ್ನು ಎನ್‌ಪಿಎ (ಕೆಟ್ಟ ಸಾಲ) ಎಂದು ಗುರುತಿಸಿ, ಪ್ರಾವಿಷನ್ ಮಾಡಿ, ಅಂದರೆ ಆಗಬಹುದಾದ ನಷ್ಟಕ್ಕೆ ಲಾಭದಿಂದ ಹಣ ತೆಗೆದಿಡಿ ಎನ್ನುತ್ತಾರೆ. ಶಾಖೆಯ ಮ್ಯಾನೇಜರ್ ಮುಖ ನೋಡಲಾಗುವುದಿಲ್ಲ. ಅವನ ಮೇಲೆ ಮಾರ್ಚ್ ಅಂತ್ಯದ ಗುರಿಯ ಒತ್ತಡ ಇತ್ತು ಅನ್ನುವುದೂ ನಿಜ. ಆದರೆ ಆ ಒತ್ತಡ ತಂದವರು ಮೇಲೆ ಕೂತಿರುತ್ತಾರೆ. ಒಳ್ಳೆಯ ತಪಾಸಣಾಧಿಕಾರಿ ಒಂದು ಶಾಖೆಯಲ್ಲಿ ಇದು ಕಂಡರೆ ಅಲ್ಲಿಗೇ ಬಿಡುವುದಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಇಡೀ ಬ್ಯಾಂಕಿನಲ್ಲಿ ಹೀಗೆ ಎಷ್ಟು ಖಾತೆ ಜೀವ ಪಡೆದವು ಎಂದು ಪಟ್ಟಿ ಕೇಳುತ್ತಾರೆ.

ಎಲ್ಲ ಸಾಲದ ಫೈಲನ್ನೂ ತೆರೆಯಲು ಆಗುವುದಿಲ್ಲ. ಸ್ಯಾಂಪಲ್ ತೆಗೆಯುತ್ತಾರೆ, ದೊಡ್ಡ ಸಾಲಗಳನ್ನು ಹೆಚ್ಚಾಗಿ ನೋಡುತ್ತಾರೆ. 2014ರಿಂದ ಇದಕ್ಕೆ ಒಂದು ದೊಡ್ಡ ಸಹಾಯ ಬಂದಿದೆ. ಐದು ಕೋಟಿಗೆ ಮೇಲ್ಪಟ್ಟ ಸಾಲದ ವಿವರವನ್ನೆಲ್ಲ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಕ್ರಿಲ್ಕ್ ಎಂಬ ಭಂಡಾರಕ್ಕೆ ಕಳಿಸಬೇಕು. ಒಬ್ಬನೇ ಸಾಲಗಾರ ಒಂದು ಬ್ಯಾಂಕಿನಲ್ಲಿ ಕಂತು ತಪ್ಪಿಸಿ ಇನ್ನೊಂದರಲ್ಲಿ ಸರಿಯಾಗಿ ಕಟ್ಟುತ್ತಿರುವಂತೆ ತೋರಿದರೆ ಈಗ ಮುಚ್ಚಿಡುವುದು ಕಷ್ಟ.

ಈಗ ಮತ್ತೆ ನಮ್ಮ ಸಾವಿರ ಕೋಟಿಯ ಬ್ಯಾಂಕಿಗೆ ಬನ್ನಿ. ತಪಾಸಣೆಯಲ್ಲಿ ಟ್ರಿಪಲ್ ಬಿ ಸಾಲಗಳಲ್ಲಿ 40 ಕೋಟಿ ಕೆಟ್ಟಿದೆ ಎಂದು ಗೊತ್ತಾಯಿತು. ಅದರ ಕಾಲು ಭಾಗ, 10 ಕೋಟಿ, ಪ್ರಾವಿಷನ್ ಮಾಡಬೇಕು. ಬಂಡವಾಳ 69ರಿಂದ 59ಕ್ಕೆ ಇಳಿಯಿತು. ಆ 10 ಕೋಟಿ ಸಾಲದ ಲೆಕ್ಕದಿಂದಲೂ ಕಳೆಯುವುದರಿಂದ ತೂಕದ ಒಟ್ಟು 590. ಈಗ ಶೇ 10. ಒಟ್ಟು ಆಸ್ತಿಯ ನೂರರಲ್ಲಿ ಬರೀ ನಾಲ್ಕು ರೂಪಾಯಿ ಕೆಟ್ಟದ್ದಕ್ಕೆ, ಅದರಲ್ಲೂ ಕಾಲು ಭಾಗವನ್ನಷ್ಟೇ ನಷ್ಟ ಎಂದು ಒಪ್ಪಿದ್ದಕ್ಕೆ, ಒಂದೂವರೆ ಅಂಶ ಹೋಯಿತು. ಶೇ 9ರ ಕನಿಷ್ಠಕ್ಕಿಂತ ಮೇಲೇ ಇದೆ, ಆದರೆ 11.5ರ ಕೆಳಗೆ ಬಂತು. ಅಲ್ಲಿಗೆ ಪಿಸಿಎ ಎಂಬ ತಿದ್ದುಪಡಿ ಕ್ರಮದ ಮೊದಲ ಮೆಟ್ಟಿಲು ಹತ್ತಿದಂತೆ. ಡಿವಿಡೆಂಡಿಗೆ ತಡೆ, ಹೊಸ ಬಂಡವಾಳ ತರಲು ತಾಕೀತು. ಇನ್ನೂ ಇಳಿದರೆ ಹೊಸ ಶಾಖೆಗೂ ತಡೆ. ಬಂಡವಾಳ ಅಲ್ಲದೆ ನಿವ್ವಳ ಎನ್‌ಪಿಎ ಶೇ 6 ಮುಟ್ಟಿದರೂ ಇದು ಶುರುವಾಗುತ್ತದೆ.

ಈಗ ಯೆಸ್ ಬ್ಯಾಂಕ್. 2016ರ ಮಾರ್ಚ್‌ಗೆ ತನ್ನ ಎನ್‌ಪಿಎ 749 ಕೋಟಿ ಎಂದು ಅದು ಹೇಳಿತ್ತು. ರಿಸರ್ವ್ ಬ್ಯಾಂಕು ಲೆಕ್ಕ ಹಾಕಿದಾಗ ಬಂದದ್ದು ಸುಮಾರು 4,925 ಕೋಟಿ. ಮರುವರ್ಷ ಬ್ಯಾಂಕಿನ ಲೆಕ್ಕ 2,018 ಕೋಟಿ, ರಿಸರ್ವ್ ಬ್ಯಾಂಕಿನ ಲೆಕ್ಕ 8,373 ಕೋಟಿ. ಅಂದರೆ ತಪಾಸಣೆ ಆಗಿತ್ತು, ಹುಳುಕೂ ಸಿಕ್ಕಿತ್ತು. ಮುಖ್ಯಸ್ಥರ ಅವಧಿಯನ್ನು 2019ರ ಜನವರಿ ಕೊನೆಗೆ ಮೊಟಕು ಮಾಡಿದ್ದೂ ಆಯಿತು. ಆದರೂ ಪತ್ತೆಗೂ ಕಠಿಣ ಕ್ರಮಕ್ಕೂ ನಡುವೆ ತುಂಬಾ ಸಮಯ ಹೋಯಿತು. 2019ರ ಸೆಪ್ಟೆಂಬರ್ ಕೊನೆಗೆ ಅದರ ಅಪ್ಪಟ ಷೇರು ಬಂಡವಾಳದ ಪ್ರಮಾಣ ಶೇ 8.7 ಎಂದು ಕಾಣುತ್ತಿತ್ತು. ಡಿಸೆಂಬರ್ ತ್ರೈಮಾಸಿಕದ ಲೆಕ್ಕ, ಸರ್ಕಾರ ಮತ್ತು ರಿಸರ್ವ್ ಬ್ಯಾಂಕು ಕೈಹಾಕಿದ ಮೇಲೆ, 2020ರ ಮಾರ್ಚ್‌ನಲ್ಲಿ ಹೊರಬಂತು. ಕೆಟ್ಟ ಸಾಲ 40 ಸಾವಿರ ಕೋಟಿ ದಾಟಿತ್ತು. ಅದೇ ಬಂಡವಾಳದ ಪ್ರಮಾಣ ಶೇ 0.6.

ಶೇ 8.7 ಮೂರು ತಿಂಗಳಲ್ಲಿ ಶೇ 0.6 ಆಗಲಿಲ್ಲ ಮೇಷ್ಟ್ರೇ. ಆ ಸಾಲಗಳು ಮೊದಲೇ ಕೆಟ್ಟಿದ್ದವು, ಒಪ್ಪಿಕೊಂಡದ್ದು ಆಮೇಲೆ. ಈ ನಡುವೆ ಮಾರ್ಚ್ 5ರಂದು ಬ್ಯಾಂಕಿನ ಮೇಲೆ ಮೊರಟೋರಿಯಂ ಬಿದ್ದಿತ್ತು. ಖಾತೆದಾರರು 50 ಸಾವಿರಕ್ಕಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಸ್ಟೇಟ್ ಬ್ಯಾಂಕ್ ಮತ್ತಿತರರು ಬಂಡವಾಳ ಹಾಕಿ ಮಾರ್ಚ್ 18ಕ್ಕೆ ತೆರವಾಯಿತು, ಠೇವಣಿದಾರರು ಒಂದು ರೂಪಾಯಿಯನ್ನೂ ಕಳೆದುಕೊಳ್ಳಲಿಲ್ಲ. ಆದರೆ ಆ ಎರಡು ವಾರ ಎಷ್ಟು ಮನೆಗಳು ನಿದ್ದೆ ಕಳೆದುಕೊಂಡವು!

ಹಾಗಾದರೆ ರಿಸರ್ವ್ ಬ್ಯಾಂಕು ಕಂಡದ್ದನ್ನು ಕೂಡಲೇ ಊರಿಗೆಲ್ಲ ಹೇಳಬಾರದಾ? ಇದು ನಿಜಕ್ಕೂ ಕಷ್ಟದ ಪ್ರಶ್ನೆ. ತಪಾಸಣಾ ವರದಿ ಗೋಪ್ಯ. ಅರ್ಧ ಸುದ್ದಿ ಹೊರಬಿದ್ದರೆ ಸರಿಹೋಗಬಹುದಾದ ಬ್ಯಾಂಕಿನ ಮುಂದೆಯೂ ಜನ ಸಾಲುಗಟ್ಟುತ್ತಾರೆ. ಒಳ್ಳೆಯ ಸುದ್ದಿಯನ್ನು ಮಾತ್ರ ಆಯ್ದು ಹೇಳಿದರೂ ಅಪಾಯ. 2019ರ ಫೆಬ್ರವರಿಯಲ್ಲಿ ಯೆಸ್ ಬ್ಯಾಂಕೇ ತನ್ನ ತಪಾಸಣಾ ವರದಿಯಲ್ಲಿ ಎನ್‌ಪಿಎ ವ್ಯತ್ಯಾಸ ಇಲ್ಲ ಎಂದು ಸಾರಿಕೊಂಡಿತು, ಷೇರು ಒಂದೇ ದಿನ ಸುಮಾರು ಶೇ 30 ಜಿಗಿಯಿತು. ವರದಿಯಲ್ಲಿ ಬೇರೆ ತಪ್ಪುಗಳೂ ಇವೆ, ಇದು ಗೋಪ್ಯತೆಯ ಉಲ್ಲಂಘನೆ ಎಂದು ರಿಸರ್ವ್ ಬ್ಯಾಂಕು ಗದರಿತು.

ಆದರೂ ಈಗಿನದಕ್ಕಿಂತ ಜಾಸ್ತಿ ಹೇಳಬಹುದು ಎಂಬುದು ನನ್ನ ಅಭಿಪ್ರಾಯ. ಯುರೋಪಿನಲ್ಲಿ ನೋಡಿ. 2014ರಿಂದ ಯುರೋಪಿಯನ್ ಸೆಂಟ್ರಲ್ ಬ್ಯಾಂಕು ದೊಡ್ಡ ಬ್ಯಾಂಕುಗಳ ಮೇಲ್ವಿಚಾರಣೆ ಮಾಡುತ್ತಿದೆ. ವ್ಯವಹಾರದ ಮಾದರಿ, ಆಡಳಿತ, ಬಂಡವಾಳಕ್ಕಿರುವ ಅಪಾಯ, ನಗದಿಗಿರುವ ಅಪಾಯ, ಈ ನಾಲ್ಕನ್ನು ವರ್ಷಕ್ಕೊಮ್ಮೆ ತೂಗಿ 1ರಿಂದ 4ರವರೆಗೆ ಅಂಕ ಕೊಡುತ್ತಾರೆ. ಅಂಕ ಗುಟ್ಟು. ಆದರೆ ಅದರ ಮೇಲೆ ಆಯಾ ಬ್ಯಾಂಕು ಎಷ್ಟು ಹೆಚ್ಚುವರಿ ಬಂಡವಾಳ ಇಡಲೇಬೇಕು ಎಂದು ಹೇಳಿದ ಅಂಕಿಯನ್ನು ಬ್ಯಾಂಕಿನ ಹೆಸರಿನ ಜೊತೆ ಪ್ರಕಟಿಸುತ್ತಾರೆ. ಅದರಿಂದ ಅಲ್ಲಿ ಬ್ಯಾಂಕುಗಳು ಬಿದ್ದುಹೋಗಿಲ್ಲ. ನಮ್ಮಲ್ಲಿಯೂ ಅಷ್ಟು ಪ್ರಕಟವಾದರೆ ನಿಮ್ಮಂಥವರಿಗೆ ಶೇ 17ರ ಪಕ್ಕದಲ್ಲಿ ಇಡಲು ಇನ್ನೊಂದು ಅಂಕಿ ಸಿಗುತ್ತಿತ್ತು. ಈಗ ಸಿಗುವುದು ಒಂದೇ: 2017ರಿಂದ, ಬ್ಯಾಂಕು ತೋರಿಸಿದ ಎನ್‌ಪಿಎಗೂ ರಿಸರ್ವ್ ಬ್ಯಾಂಕು ಕಂಡ ಎನ್‌ಪಿಎಗೂ ವ್ಯತ್ಯಾಸ ಒಂದು ಮಿತಿ ದಾಟಿದರೆ ಅದನ್ನು ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಬರೆಯಬೇಕು. ಯೆಸ್ ಬ್ಯಾಂಕಿನ ಮೇಲಿನ ಅಂಕಿಗಳು ನಮಗೆ ಗೊತ್ತಾದದ್ದೇ ಹೀಗೆ.

ಸತ್ಯ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ದೊಡ್ಡ ಸಾಲಗಳನ್ನೆಲ್ಲ ಒಟ್ಟಿಗೆ ತೆರೆದು ನೋಡುವ ಪರಿಶೀಲನೆ ನಡೆಯಿತು. ಶೇ 4ರ ಆಸುಪಾಸಿನಲ್ಲಿದ್ದ ಎನ್‌ಪಿಎ 2018ರ ಮಾರ್ಚ್ ಹೊತ್ತಿಗೆ ಶೇ 11 ದಾಟಿತು. 21 ಸರ್ಕಾರಿ ಬ್ಯಾಂಕುಗಳಲ್ಲಿ 11 ಪಿಸಿಎ ಪಟ್ಟಿಗೆ ಬಿದ್ದವು. ಅವುಗಳಲ್ಲಿ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ನಮ್ಮ ಕಾರ್ಪೊರೇಷನ್ ಬ್ಯಾಂಕೂ ಒಂದು. ಸರ್ಕಾರ ಸುಮಾರು 9 ಸಾವಿರ ಕೋಟಿ ಬಂಡವಾಳ ಹಾಕಿದ ಮೇಲೆ 2019ರ ಫೆಬ್ರವರಿಯಲ್ಲಿ ಹೊರಬಂತು, ಮರುವರ್ಷ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕರಾವಳಿಯವರಿಗೆ ಅದು ಇವತ್ತಿಗೂ ನೋವಿನ ವಿಷಯ. ಆದರೆ ಆ ಶುದ್ಧಿಯ ನಂತರವೇ ಬ್ಯಾಂಕುಗಳ ಲೆಕ್ಕಕ್ಕೆ ನಂಬಿಕೆ ಬಂದದ್ದು. 2024ರ ಮಾರ್ಚ್‌ಗೆ ಎನ್‌ಪಿಎ ಶೇ 2.8ಕ್ಕೆ ಇಳಿದಿತ್ತು, ಬಂಡವಾಳ ಸರಾಸರಿ ಶೇ 16.8 ಇತ್ತು. ಅಂದರೆ ನಿಮ್ಮ ಖಾಸಗಿ ಬ್ಯಾಂಕಿನ ಶೇ 17 ಈಗಿನ ಕಾಲಕ್ಕೆ ಸರಾಸರಿಯ ಹತ್ತಿರದ್ದೇ.

ಬಂಡವಾಳ ಎಲ್ಲಕ್ಕೂ ಮದ್ದಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಬಂಡವಾಳದ ಪ್ರಮಾಣ ಕಾಗದದ ಮೇಲೆ ಚೆನ್ನಾಗಿತ್ತು. ಅದರ ಹಣ ಇದ್ದದ್ದು ಹೆಚ್ಚಾಗಿ ಸರ್ಕಾರಿ ಖಾತರಿಯ ಬಾಂಡ್‌ಗಳಲ್ಲಿ, ಸಾಲ ಮುಳುಗುವ ಭಯವಿಲ್ಲ. ಬಡ್ಡಿ ದರ ಏರಿತು, ಬಾಂಡಿನ ಬೆಲೆ ಬಿತ್ತು. ಮಾರುವ ತನಕ ಆ ನಷ್ಟ ಲೆಕ್ಕಕ್ಕೆ ಬರಲಿಲ್ಲ. 2023ರ ಮಾರ್ಚ್ 9ರಂದು ಒಂದೇ ದಿನ ಜನ 42 ಬಿಲಿಯನ್ ಡಾಲರ್ ತೆಗೆದರು, ಮರುದಿನ ಬ್ಯಾಂಕ್ ಮುಚ್ಚಿತು. ಮೇಲ್ವಿಚಾರಕರು ದೋಷ ಕಂಡಿದ್ದರೂ ಸಾಕಷ್ಟು ಬಿಗಿಯಾಗಿ ಹಿಡಿಯಲಿಲ್ಲ ಎಂದು ಫೆಡರಲ್ ರಿಸರ್ವ್ ತಾನೇ ವರದಿಯಲ್ಲಿ ಬರೆದುಕೊಂಡಿದೆ. ಅಲ್ಲೂ ಇಲ್ಲೂ ಕಾಯಿಲೆ ಒಂದೇ: ಕಾಣುವುದು ಬೇಗ, ಕೈ ಹಾಕುವುದು ತಡ.

ಇನ್ನು ನಿಮ್ಮ ಸಹಕಾರಿ ಬ್ಯಾಂಕು. ಅದರ ಶೇ 13 ಅನ್ನು ಖಾಸಗಿ ಬ್ಯಾಂಕಿನ ಶೇ 17ರ ಜೊತೆ ನೇರವಾಗಿ ಹೋಲಿಸಬೇಡಿ. ಪಟ್ಟಣ ಸಹಕಾರಿ ಬ್ಯಾಂಕುಗಳು ಹಳೆಯ, ಸರಳ ಲೆಕ್ಕದಲ್ಲಿವೆ. ನೂರು ಕೋಟಿಯೊಳಗಿನ ಠೇವಣಿಯ ಸಣ್ಣ ಬ್ಯಾಂಕಿಗೆ ಕನಿಷ್ಠ ಶೇ 9. ಅದಕ್ಕಿಂತ ದೊಡ್ಡವು ಹಂತಹಂತವಾಗಿ 2026ರ ಮಾರ್ಚ್ ಹೊತ್ತಿಗೆ ಶೇ 12 ಮುಟ್ಟಬೇಕು ಎಂದು ನಿಯಮ ಬಂತು. ನಿಮ್ಮ ಬ್ಯಾಂಕು ದೊಡ್ಡ ಗುಂಪಿನದ್ದಾದರೆ ಶೇ 13 ಅಂದರೆ ಮೇಲೆ ಉಳಿದಿರುವುದು ಒಂದೇ ಅಂಶ. ಸಣ್ಣದಾದರೆ ನಾಲ್ಕು. ಮೊದಲು ಅದು ಯಾವ ಗುಂಪು ಎಂದು ಕೇಳಿ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ತುರ್ತಾಗಿ ಬಂಡವಾಳ ಬೇಕಾದರೆ ಖಾಸಗಿ ಬ್ಯಾಂಕು ಮಾರುಕಟ್ಟೆಗೆ ಹೋಗಿ ಷೇರು ಮಾರಬಹುದು. ಸಹಕಾರಿ ಬ್ಯಾಂಕಿಗೆ ಹೆಚ್ಚಾಗಿ ಸದಸ್ಯರ ಷೇರು ಹಣ ಮತ್ತು ಲಾಭವೇ ಗತಿ.

ಸಹಕಾರಿ ಬ್ಯಾಂಕುಗಳಲ್ಲಿ ನಾನು ಹೆದರುವುದು ಸಾಲ ಒಂದೇ ಕಡೆ ಗುಡ್ಡೆ ಬೀಳುವುದಕ್ಕೆ. ಮುಂಬೈನ ಪಿಎಂಸಿ ಬ್ಯಾಂಕ್ ತನ್ನ ಸಾಲದ ಶೇ 70ಕ್ಕೂ ಹೆಚ್ಚನ್ನು ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಕೊಟ್ಟು, ಅದನ್ನು ಮುಚ್ಚಲು 21 ಸಾವಿರ ಸುಳ್ಳು ಖಾತೆ ಸೃಷ್ಟಿಸಿತ್ತು ಎಂದು ತನಿಖೆಯಲ್ಲಿ ಹೊರಬಂತು. 2019ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧ ಬಿದ್ದಾಗ ಮೊದಲು ತೆಗೆಯಲು ಬಿಟ್ಟದ್ದು ಒಂದು ಸಾವಿರ ರೂಪಾಯಿ. ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರಿ ಬ್ಯಾಂಕಿಗೆ 2020ರ ಜನವರಿಯಲ್ಲಿ ನಿರ್ಬಂಧ ಬಂದಾಗ ಮಿತಿ 35 ಸಾವಿರ. ಅಲ್ಲಿ ಹಣ ಇಟ್ಟವರಲ್ಲಿ ನಿಮ್ಮ ಹಾಗೆ ನಿವೃತ್ತಿಯ ಹಣ ಇಟ್ಟ ಹಿರಿಯರು ತುಂಬಾ ಜನ. ಅದೇ ವರ್ಷ ಕಾಯ್ದೆ ತಿದ್ದುಪಡಿಯಾಗಿ ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೂ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಬಂದಿದೆ. ಈಗ ಒಬ್ಬನೇ ಸಾಲಗಾರನಿಗೆ ಮೊದಲ ದರ್ಜೆಯ ಬಂಡವಾಳದ ಶೇ 15, ಒಂದು ಗುಂಪಿಗೆ ಶೇ 25 ಎಂಬ ಮಿತಿ ಇದೆ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಎರಡೂ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಸಿಆರ್‌ಎಆರ್ ಇರುವ ಪುಟ ದಾಟಿ ಹಿಂದಿನ ಟಿಪ್ಪಣಿಗಳಿಗೆ ಹೋಗಿ. ಖಾಸಗಿ ಬ್ಯಾಂಕಿನಲ್ಲಿ ಎನ್‌ಪಿಎ ವ್ಯತ್ಯಾಸದ ಬಗ್ಗೆ ಏನಾದರೂ ಬರೆದಿದ್ದಾರಾ ನೋಡಿ, ಒಂದು ವರ್ಷದ್ದಲ್ಲ, ನಾಲ್ಕೈದು ವರ್ಷದ್ದು. ಎರಡರಲ್ಲೂ ಅತಿ ದೊಡ್ಡ ಮೊದಲ ಇಪ್ಪತ್ತು ಸಾಲಗಾರರ ಕೈಯಲ್ಲಿ ಒಟ್ಟು ಸಾಲದ ಎಷ್ಟು ಪಾಲು ಇದೆ ಎಂಬ ಸಾಲು ಹುಡುಕಿ. ನಿವ್ವಳ ಎನ್‌ಪಿಎ ನೋಡಿ. ಹಾಗೇ, ಸಾಲ ಬೇರೆ ಬ್ಯಾಂಕುಗಳಿಗಿಂತ ಅತಿ ವೇಗವಾಗಿ ಬೆಳೆದಿದ್ದರೆ ಎಚ್ಚರ ಇರಲಿ.

ಠೇವಣಿ ವಿಮೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ. ಬೇರೆ ಬೇರೆ ಶಾಖೆಯಲ್ಲಿಟ್ಟರೂ ಒಂದೇ ಲೆಕ್ಕ. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಆ ಹಣ ಕೊಡಬೇಕು ಎಂದು 2021ರಲ್ಲಿ ಕಾಯ್ದೆಯಾಗಿದೆ. ಸಹಕಾರಿ ಬ್ಯಾಂಕಿನಲ್ಲಿ ನಿಮ್ಮ ಹಣ ಅದಕ್ಕಿಂತ ಜಾಸ್ತಿ ಇದ್ದರೆ, ಎಫ್‌ಡಿ ಮುಗಿದಾಗ ಹೆಚ್ಚಿನದನ್ನು ಬೇರೆ ಕಡೆ ಇಡಿ ಎನ್ನುತ್ತೇನೆ, ಆ ಬ್ಯಾಂಕು ಎಷ್ಟೇ ಒಳ್ಳೆಯದಿರಲಿ.

ನೀವು ಅಲ್ಲಿ ಷೇರು ಇರುವ ಸದಸ್ಯರೂ ಆಗಿದ್ದರೆ ವಾರ್ಷಿಕ ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ. ಊಟಕ್ಕೆ ಏಳುವ ಮೊದಲು ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನಮ್ಮದು ಯಾವ ಗುಂಪಿನ ಬ್ಯಾಂಕು? ಮೊದಲ ಇಪ್ಪತ್ತು ಸಾಲಗಾರರ ಪಾಲು ಎಷ್ಟು? ರಿಸರ್ವ್ ಬ್ಯಾಂಕಿನ ಕಳೆದ ತಪಾಸಣೆಯ ನಂತರ ಪ್ರಾವಿಷನ್ ಎಷ್ಟು ಜಾಸ್ತಿ ಮಾಡಬೇಕಾಯಿತು? ಉತ್ತರವನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ.